ಮರಳಿನಲ್ಲಿ ಮಲಗಿದ ದೇವರ ಎತ್ತು

ಮಳೆಯ ಅಭಾವಕ್ಕೆ ರಾಜ್ಯದಲ್ಲೇ ಹೆಸರಾದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಜನಕ್ಕೆ ಕಡಲೆಂಬುದು ಪುರಾಣದಲ್ಲಿ ಕೇಳಿ, ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಂಡು ಬರುವ ವಸ್ತುವಾಗಿದ್ದರೂ, ಮರಳು ಮಾತ್ರ ಅವರಿಗೆ ಅಪರಿಚಿತವಾದುದಲ್ಲ. ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕಟ್ಟೆ 1907ರಲ್ಲಿ ಪೂರ್ಣಗೊಂಡ ತರುವಾಯ, ಕೆಳಗಿನ ಸೀಮೆಯವರಿಗೆ ವೇದಾವತಿಯು ವರ್ಷದ ಬಹುಭಾಗ ನೀರಿಗಿಂತ ಹೆಚ್ಚಾಗಿ ಮರಳನ್ನೇ ತೋರಿಸುವ ಹೊಳೆಯಾಯಿತು. ಪರಶುರಾಂಪುರದ ಆಚೆ ಆಂಧ್ರದ ಎಲ್ಲೆಯನ್ನು ದಾಟಿ, ಹಗರಿಯೆನಿಸಿಕೊಂಡು ಹರಿಯುವ ಇದೇ ನದಿಯ ಪಾತ್ರದಿಂದೆದ್ದ ಮರಳು, ಬೊಮ್ಮನಹಾಳು, ದರ್ಗಾ ಹೊನ್ನೂರುಗಳ ಸುತ್ತ ದಿಬ್ಬದಿಬ್ಬವಾಗಿ ಕೂತು ಹೊಲಗಳನ್ನೇ ನುಂಗಿರುವುದನ್ನು ಗಡಿನಾಡಿನವರೆಲ್ಲ ಬಲ್ಲರು. ಇಂಥ ಸೀಮೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ನಾಲ್ವರು ಹುಡುಗರನ್ನು ಕಟ್ಟಿಕೊಂಡು ಘಟ್ಟವಿಳಿದು, ಮಂಗಳೂರಿನ ಪಣಂಬೂರು ಕಡಲತೀರದ ಮರಳುಶಿಲ್ಪ ಸ್ಪರ್ಧೆಗೆ ಹೊರಟಿದ್ದಾರೆಂದು ಕೇಳಿದಾಗ, ಸ್ಪರ್ಧೆಗಿಂತ ಹೆಚ್ಚಾಗಿ ಮೇಷ್ಟ್ರನ್ನು ನೋಡುವ ಕುತೂಹಲದಿಂದ ನಾನೂ ಹೊರಟೆ.

ಈ ಕಲೆಯ ಚರಿತ್ರೆಯನ್ನು ಕೇಳಿದವರಿಗೆ ಪುರಿಯ ಕಥೆಯೊಂದನ್ನು ಹೇಳುವುದು ವಾಡಿಕೆ. ಒರಿಯಾ ಭಕ್ತಕವಿ ಬಲರಾಮದಾಸನು ಜಗನ್ನಾಥನ ರಥವನ್ನೇರಲು ಹೋಗಿ ಅವಮಾನಿತನಾಗಿ, ಕಡಲ ದಂಡೆಗೆ ಬಂದು ಮರಳಿನಲ್ಲೇ ಮೂರ್ತಿಗಳನ್ನು ಮಾಡಿ ಆರಾಧಿಸಿದನೆಂಬುದು ಆ ಐತಿಹ್ಯ. ಅದೇ ಪುರಿಯ ಸುದರ್ಶನ ಪಟ್ನಾಯಕರಿಗೆ 2014ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ನಮ್ಮ ಮೈಸೂರಿನಲ್ಲಿ, ಇಂಜಿನಿಯರಿಂಗ್ ವ್ಯಾಸಂಗವನ್ನು ತೊರೆದು ಶಿಲ್ಪಕಲೆಗೆ ಒಲಿದ ಎಂ. ಎನ್. ಗೌರಿಯವರು ಚಾಮುಂಡಿಬೆಟ್ಟದ ಹಾದಿಯಲ್ಲಿ ನೂರಕ್ಕೂ ಹೆಚ್ಚು ಲಾರಿ ಮರಳಿನಿಂದ ಒಂದು ವಸ್ತುಸಂಗ್ರಹಾಲಯವನ್ನೇ ನಿರ್ಮಿಸಿದರು. ಉಡುಪಿಯ ಮಲ್ಪೆಯಲ್ಲಿ ಚುನಾವಣೆ ಬಂದಾಗ ಮತದಾನದ ಜಾಗೃತಿಗೂ ಮರಳುಶಿಲ್ಪವನ್ನು ಮಾಡಿಸುವುದುಂಟು. ಚರಿತ್ರೆ ಇಷ್ಟು ಸಾಕು. ಎತ್ತಿನ ಕಡೆಗೆ ಬರೋಣ.

ಮೇಷ್ಟ್ರು ಹುಟ್ಟಿದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದ ಮನೆಯಲ್ಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳನ್ನು ಮಾಡುತ್ತಿದ್ದ ತಾಯಿಯೇ ತಮ್ಮ ಮೊದಲ ಗುರುವೆಂದು ಅವರು ಹೇಳುತ್ತಾರೆ. ಸ್ಪರ್ಧೆಗೆ ಅವರು ಆರಿಸಿಕೊಂಡ ವಸ್ತುವೂ ಎತ್ತೇ, ಆದರೆ ಸಾಮಾನ್ಯವಾದ ಎತ್ತಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರು ನೊಗಕ್ಕೆ ಹೂಡದೆ, ದೇವರ ಹೆಸರಿನಲ್ಲಿ ಬಿಟ್ಟು, ಕಿಲಾರಿಗಳೆಂಬ ಗೋಪಾಲಕರ ಕೈಯಲ್ಲಿ ಕಾಯಿಸುವ ದೇವರ ಎತ್ತು ಅದು.

ಅಲ್ಲಿಂದಲೇ ಕಷ್ಟವೂ ಆರಂಭವಾಯಿತು. ಮರಳು ಭಾರವನ್ನು ಹೊರುತ್ತದೆಯೇ ಹೊರತು ಚಾಚಿಕೊಂಡು ನಿಲ್ಲಲಾರದು. ನಿಂತ ಎತ್ತಿನ ನಾಲ್ಕು ಕಾಲುಗಳು ಒಡಲ ಭಾರಕ್ಕೆ ಕ್ಷಣಮಾತ್ರದಲ್ಲಿ ಕುಸಿಯುವುವು. ಆದಕಾರಣ ಎತ್ತು ಮಲಗಬೇಕಾಯಿತು. ಕಾಲಿನ ಸಮಸ್ಯೆ ಹೀಗೆ ತೀರಿದರೂ ಕೋಡಿನದು ತೀರಲಿಲ್ಲ. ಈ ಸೀಮೆಯ ಕಾವಲುಗಳಲ್ಲಿ ಮೇಯುವ ತಳಿಯ ದನಗಳ ಅಂದವೆಲ್ಲವೂ ನೀಳವಾಗಿ ಹಿಂದಕ್ಕೆ ಬಾಗಿ, ತುದಿಯಲ್ಲಿ ಚೂಪಾಗುವ ಆ ಕೋಡುಗಳಲ್ಲಿಯೇ ಇರುವಾಗ, ಅವನ್ನು ಮೊಟಕುಗೊಳಿಸಿದರೆ ಅದು ಯಾವ ಊರಿನ ಎತ್ತೂ ಆಗಬಹುದು. ಒಳಗೆ ಕಡ್ಡಿಯಿಟ್ಟು ನಿಲ್ಲಿಸೋಣವೆಂದರೆ, ಮರಳು ನೀರುಗಳ ಹೊರತು ಬೇರೆ ಯಾವ ಆಧಾರವನ್ನೂ ಸ್ಪರ್ಧೆಯ ನಿಯಮ ಒಪ್ಪದು. ಮೇಷ್ಟ್ರು ಊರಿನಲ್ಲಿಯೇ ಹಲವು ಬಗೆಯಾಗಿ ಚಿತ್ರಿಸಿ ನೋಡಿ, ಕೊನೆಗೆ ಎತ್ತಿನ ಮೋರೆಯನ್ನು ಮೇಲೆತ್ತಿ ಹಿಂದಕ್ಕೆ ಹೊರಳಿಸಿದ್ದರು. ಹಾಗೆ ಹೊರಳಿದ ಮೋರೆಯ ಕೋಡುಗಳಲ್ಲಿ ಒಂದು ಇಣಿಯ ಮೇಲೂ, ಇನ್ನೊಂದು ಪಕ್ಕದಲ್ಲಿ ಒರಗಿ ಕುಳಿತ ಕಿಲಾರಿಯ ಕಂಬಳಿಯ ಮೇಲೂ ಒರಗಿದುವು. ನೋಡುವವನಿಗೆ ಅದು ತನ್ನನ್ನು ಕಾಯುವವನನ್ನು ತಿರುಗಿ ನೋಡುತ್ತಿರುವ ಎತ್ತಿನ ಅಕ್ಕರೆಯ ಭಂಗಿ. ಮೇಷ್ಟ್ರಿಗೆ ಮಾತ್ರ ಅದು ಕೋಡು ಮುರಿಯದಿರಲು ಹೂಡಿದ ಉಪಾಯ. ಕಲೆಯಲ್ಲಿ ಭಾವವೆಂದು ನಾವು ಮೆಚ್ಚುವುದೆಷ್ಟೋ ಹೀಗೆ ವಸ್ತುವಿನ ಹಟಕ್ಕೆ ಕಲಾವಿದನು ಕೊಟ್ಟ ಉತ್ತರವೇ ಆಗಿರಬಹುದೆಂದು ನನಗೆ ಅನ್ನಿಸಿತು.

ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ತಳವಿಲ್ಲದ ಹಲಗೆಯ ಚೌಕಟ್ಟಿನೊಳಗೆ ಮರಳನ್ನು ಸುರಿದು, ನೀರು ಹೊಯ್ದು, ತುಳಿದು, ದಿಮ್ಮಿಸದಿಂದ ಬಡಿದು, ಅದರ ಮೇಲೆ ಕಿರಿದಾದ ಮತ್ತೊಂದು ಚೌಕಟ್ಟನ್ನಿಟ್ಟು ಪುನಃ ತುಂಬುತ್ತ ಹೋಗುವುದು. ಬಿಚ್ಚುವಾಗ ಮೇಲಿನದನ್ನು ಮೊದಲು ಬಿಚ್ಚಿ, ಅಷ್ಟನ್ನು ಕೆತ್ತಿ ಮುಗಿಸಿ, ಬಳಿಕ ಕೆಳಗಿನದಕ್ಕೆ ಇಳಿಯುವುದು. ಉಪಕರಣಗಳೆಂದರೆ ಸಲಿಕೆ, ಬಾಂಡ್ಲಿ, ಗಾರೆಯವರ ಕರಣೆ, ಚಾಕು, ಕುಂಚ. ಜತೆಗೆ, ಎಳನೀರು ಕುಡಿಯುವ ಒಂದು ಕೊಳವೆ. ಕಣ್ಣಿನ ರೆಪ್ಪೆಯ ಸಂದಿನಲ್ಲಿ ಸಿಕ್ಕಿಕೊಂಡ ಕಣಗಳನ್ನು ಊದಿ ತೆಗೆಯಲು ಇದಕ್ಕಿಂತ ಯೋಗ್ಯವಾದ ಸಾಧನವಿಲ್ಲವಂತೆ. ಒದ್ದೆಯ ಮರಳು ನಿಲ್ಲುವುದಕ್ಕೆ ಕಾರಣ, ಕಣ ಕಣಗಳ ನಡುವೆ ಸೇತುವಾಗಿ ಹಿಡಿದಿರುವ ನೀರಿನ ಸೂಕ್ಷ್ಮವಾದ ಸೆಳೆತ. ನೀರು ಆರಿದರೂ ಅದು ಸಡಿಲುವುದು, ಅತಿಯಾದರೂ ಸಡಿಲುವುದು.

“ನೋಡ್ರಿ ಸ್ವಾಮಿ, ಈ ಕಡಲ ಉಸುಕು ನುಣ್ಣಗೈತೆ, ಕೆತ್ತಾಕೆ ಚೆಂದ. ಆದ್ರೆ ನಮ್ಮ ಹಗರಿ ಉಸುಕಿಗೆ ಮೂಲೆ ಐತೆ, ಒಂದಕ್ಕೊಂದು ಕಚ್ಕಂತದೆ,” ಎಂದರು ಮೇಷ್ಟ್ರು, ಕೈಯಲ್ಲಿದ್ದ ಹಿಡಿ ಮರಳನ್ನು ಬಿಸಿಲಿಗೆ ಹಿಡಿದು. ಮಾತು ಶಾಸ್ತ್ರಸಮ್ಮತವಾದುದೇ. ಬಹುಕಾಲ ಅಲೆಗೆ, ಗಾಳಿಗೆ ಸಿಕ್ಕಿ ಸವೆದ ಕಣಗಳು ಸಾಸಿವೆಯಂತೆ ಉರುಳುವುವು. ನದಿಯ ಮರಳಿನ ಮೂಲೆಗಳು ಅಷ್ಟಾಗಿ ಸವೆಯದಿರುವುದರಿಂದ ಹಿಡಿತ ಬಲವಾಗಿರುವುದು. ಜರಡಿ ಹಿಡಿದು ತರಿ ತೆಗೆದರೆ ಹಗರಿಯ ಮರಳಿನಲ್ಲಿ ಇದಕ್ಕಿಂತ ಎತ್ತರದ ಎತ್ತನ್ನು ಮಾಡಬಹುದೆಂಬುದು ಅವರ ನಿಶ್ಚಿತವಾದ ನಂಬಿಕೆ.

ಬಹುಮಾನ ಯಕ್ಷಗಾನದ ವೇಷವೊಂದಕ್ಕೆ ಹೋಯಿತು, ಮತ್ತು ನ್ಯಾಯವಾಗಿಯೇ ಹೋಯಿತು. ಆ ಕಿರೀಟದ ಕೆತ್ತನೆ ಅಷ್ಟು ಸೊಗಸಾಗಿದ್ದಿತು. ಮೇಷ್ಟ್ರಿಗೆ ಅದರ ಚಿಂತೆಯಿರಲಿಲ್ಲ. ಅವರ ಕೊರಗು ಬೇರೆ. ಊರಿನ ಹುಡುಗರಿಗೆ ಕೈ ಪಳಗಿಸಲು ಹಗರಿಯಲ್ಲಿ ಮೊದಲಿನಷ್ಟು ಮರಳು ಉಳಿದಿಲ್ಲ. ಲಾರಿಗಳು, ಟ್ರ್ಯಾಕ್ಟರುಗಳು ಅದನ್ನು ರಾತ್ರಿಯ ವೇಳೆ ಪಟ್ಟಣಗಳಿಗೆ ಸಾಗಿಸುತ್ತಿವೆ. ಎಷ್ಟೋ ಹಳ್ಳಿಯ ಶಾಲೆಗಳಲ್ಲಿ ಚಿತ್ರಕಲೆಯ ಮೇಷ್ಟ್ರ ಜಾಗವೇ ಇಲ್ಲ. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತ ಮೇಲೂ ಮಗ್ಗಗಳನ್ನು ಬಿಟ್ಟು ಹೋಗುವವರನ್ನು ಕಂಡ ಈ ಮನುಷ್ಯ, ಮನ್ನಣೆಯ ಮಾತನ್ನು ಹೆಚ್ಚಾಗಿ ನೆಚ್ಚುವುದಿಲ್ಲ.

ಆದರೂ ಒಂದು ಬಿನ್ನಹವನ್ನು ಮುಂದಿಡಬಹುದು. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ನಾಡಿನ ಮೂಲೆಮೂಲೆಗಳಿಂದ ಜನ ಚಳ್ಳಕೆರೆಯ ಕಡೆಗೆ ಬರುತ್ತಾರೆ. ಆ ವೇಳೆಗೆ ಪರಶುರಾಂಪುರದ ಬಳಿ ಹೊಳೆಯ ಪಾತ್ರ ಸಾಮಾನ್ಯವಾಗಿ ಒಣಗಿರುತ್ತದೆ. ಅಲ್ಲಿ ಎರಡು ದಿನದ ಮರಳುಶಿಲ್ಪ ಸ್ಪರ್ಧೆಯೊಂದನ್ನು ಏರ್ಪಡಿಸಲು ಬೇಕಾದುದು ಒಂದು ಟ್ಯಾಂಕರ್ ನೀರು, ಕೆಲವು ಹಲಗೆಗಳು, ಸ್ವಲ್ಪ ನೆರಳು. ಮೇಷ್ಟ್ರೂ ಅವರ ನಾಲ್ವರು ಶಿಷ್ಯರೂ ಸಿದ್ಧರಿದ್ದಾರೆ. ತಾಲ್ಲೂಕಿನ ಅಧಿಕಾರಿಗಳೂ ಚಳ್ಳಕೆರೆಯ ಎಣ್ಣೆ ಗಿರಣಿಗಳ ಧಣಿಗಳೂ ಮನಸ್ಸು ಮಾಡಬೇಕು, ಹೊಳೆಯಲ್ಲಿ ಮರಳು ಇರುವಾಗಲೇ.