ಎಮ್ಮೆ ಅಡ್ಡ ಬಂದರೆ ಕಟ್ ಹೊಡೆಯಬೇಕೇ?

ಕೆ.ಆರ್.ಪೇಟೆಯ ಓದುಗರೊಬ್ಬರು ಕೇಳಿದ್ದಾರೆ: ‘ಸಾರ್, ರಾತ್ರಿ ಹೊತ್ತು ಎಮ್ಮೆ ಅಡ್ಡ ಬಂದ್ರೆ ಕಟ್ ಹೊಡೀಬೇಕಾ, ಬ್ರೇಕ್ ತುಳೀಬೇಕಾ? ಡ್ರೈವಿಂಗ್ ಸ್ಕೂಲಲ್ಲಿ ಯಾರೂ ಹೇಳಿಕೊಡಲಿಲ್ಲ.’

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬ್ರೇಕ್. ಸ್ಟೇರಿಂಗ್ ನೆಟ್ಟಗೆ ಹಿಡಿದು ಪೂರ್ತಿ ಬ್ರೇಕ್. ಅದಕ್ಕೆ ಕಾರಣ ಹುಡುಕುತ್ತ ಹೋದರೆ ಮಾತ್ರ ಕಥೆ ಬಲು ಸೊಗಸಾಗಿದೆ.

ಮೊದಲು ಪ್ರಾಣಿಗಳ ಲೆಕ್ಕ ನೋಡೋಣ. ಅಮೆರಿಕದಲ್ಲಿ ದನಗಳ ಹಿಂದೆ ಹುಳು ಹೆಕ್ಕುತ್ತ ಓಡಾಡುವ ಕೌಬರ್ಡ್ ಎಂಬ ಹಕ್ಕಿಯಿದೆ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾಹನ ಎದುರಿಗೇ ನುಗ್ಗಿ ಬರುವ ವಿಡಿಯೊವನ್ನು ವಿಜ್ಞಾನಿಗಳು ಈ ಹಕ್ಕಿಗಳಿಗೆ ತೋರಿಸಿದರು. ವೇಗ ಒಮ್ಮೆ ಗಂಟೆಗೆ 60 ಕಿ.ಮೀ., ಮತ್ತೊಮ್ಮೆ ಅದರ ಎರಡು ಪಟ್ಟು, ಮೂರು ಪಟ್ಟು. ಹಕ್ಕಿ ಹಾರಲು ಹೊರಟಿದ್ದು ಮಾತ್ರ ಸುಮಾರಾಗಿ ಪ್ರತಿ ಸಲವೂ ವಾಹನ 28 ಮೀಟರ್ ದೂರದಲ್ಲಿದ್ದಾಗಲೇ! ಅದು ದೂರವನ್ನು ಅಳೆಯುತ್ತದೆ, ವೇಗವನ್ನಲ್ಲ. 60ರ ವೇಗದಲ್ಲಾದರೆ ಹಾರಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಸಿಗುತ್ತದೆ. 120 ದಾಟಿದರೆ ಕಾಲ ಮೀರಿರುತ್ತದೆ. ಇದು ಹಕ್ಕಿಯ ಲೆಕ್ಕ, ದನಕ್ಕೆ ಇದ್ದ ಹಾಗೇ ಅಂಟಿಸಬೇಡಿ. ಆದರೂ ಎಮ್ಮೆಯ ಪೂರ್ವಜರನ್ನು ಯಾವ ಹುಲಿಯೂ 100ರ ವೇಗದಲ್ಲಿ ಅಟ್ಟಿಸಿಕೊಂಡು ಬಂದಿರಲಿಲ್ಲ. ಕಾರಿನಂಥ ಬೇಟೆಗಾರನನ್ನು ಅದರ ಮಿದುಳು ಕಂಡಿಲ್ಲ.

ಕಣ್ಣಿನದೂ ಇದೇ ಪಾಡು. ಹಸುವಿನ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ, 330 ಡಿಗ್ರಿಯಷ್ಟು ಕಾಣುತ್ತದೆ. ಆದರೆ ಎರಡೂ ಕಣ್ಣು ಸೇರಿ ದೂರವನ್ನು ಸರಿಯಾಗಿ ಅಂದಾಜು ಮಾಡುವುದು ಮೂಗಿನ ಮುಂದಿನ ಕಿರಿದಾದ ಜಾಗದಲ್ಲಿ ಮಾತ್ರ. ಪಕ್ಕದಿಂದ ಬರುವ ನಿಮ್ಮ ಕಾರನ್ನು ಅದು ಒಂಟಿ ಕಣ್ಣಲ್ಲೇ ನೋಡುತ್ತಿರುತ್ತದೆ. ಅಕ್ಷಿಪಟಲದ ಹಿಂದೆ ಬೆಳಕನ್ನು ವಾಪಸು ಕಳಿಸುವ ಪದರವೊಂದಿದೆ. ರಾತ್ರಿ ಹೆಡ್‌ಲೈಟಿಗೆ ಹಸಿರು–ನೀಲಿಯಾಗಿ ಹೊಳೆಯುವುದು ಅದೇ. ನಸುಗತ್ತಲಿಗೆ ಹೊಂದಿಕೊಂಡ ಇಂಥ ಕಣ್ಣಿಗೆ ಹೈಬೀಮ್ ಸುರಿದರೆ ಪ್ರಾಣಿ ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತದೆ. ‘ಲೈಟು ಹೊಡೆದು ಹಾರ್ನ್ ಮಾಡಿದ್ರೂ ಜಗ್ಗಲ್ಲ ಸಾರ್, ಮೊಂಡು’ ಎಂದು ಬೈಯುವವರೇ, ಅದನ್ನು ನಿಲ್ಲಿಸಿದ್ದು ನೀವು! ಡಿಪ್ ಮಾಡಿ. ಎಮ್ಮೆಯಾದರೆ ಇನ್ನೂ ಕಷ್ಟ: ಕಪ್ಪು ಮೈ ಬೆಳಕನ್ನೆಲ್ಲ ನುಂಗುತ್ತದೆ, ಮುಖ ಆ ಕಡೆ ತಿರುಗಿದ್ದರೆ ಹೊಳೆಯುವ ಕಣ್ಣೂ ಇಲ್ಲ.

ಇನ್ನು ನಿಮ್ಮ ಲೆಕ್ಕ. ಒಣ ಟಾರಿನ ಮೇಲೆ 80ರ ವೇಗದಲ್ಲಿ ಹೋಗುತ್ತಿದ್ದೀರಿ. ಕಂಡದ್ದು ಎಮ್ಮೆ ಎಂದು ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು 33 ಮೀಟರ್, ಆಮೇಲೆ ನಿಲ್ಲಲು ಇನ್ನೊಂದು 35 ಮೀಟರ್. ಡಿಪ್ ಬೆಳಕು ಅಷ್ಟು ದೂರ ಸರಿಯಾಗಿ ತಲುಪುವುದೇ ಇಲ್ಲ. ಇಲ್ಲೊಂದು ಗಣಿತದ ಚಮತ್ಕಾರ ನೋಡಿ. 80ರ ಕಾರು, 100ರ ಕಾರು ಎರಡೂ ಒಂದೇ ಜಾಗದಲ್ಲಿ ಬ್ರೇಕ್ ಹಿಡಿದವು ಎನ್ನಿ. ಮೊದಲನೆಯದು ಎಮ್ಮೆಯ ಮೂತಿಯ ಹತ್ತಿರ ನಿಂತಿತು. ಅದೇ ಜಾಗಕ್ಕೆ ಬಂದಾಗ ಎರಡನೆಯದರ ವೇಗ ಇನ್ನೂ 60! ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರ ಫಲ ಇದು.

ಹಾಗಾದರೆ ಕಟ್ ಯಾಕೆ ಬೇಡ? ಟೈರಿಗೆ ಇರುವ ಹಿಡಿತಕ್ಕೆ ಒಂದು ಮಿತಿಯಿದೆ. ಅದನ್ನು ಬ್ರೇಕಿಗೂ ತಿರುವಿಗೂ ಹಂಚಬೇಕು. ಜೋರು ವೇಗದಲ್ಲಿ ಸ್ಟೇರಿಂಗ್ ಸರಕ್ಕನೆ ಎಳೆದರೆ ಸ್ಕಿಡ್, ಎತ್ತರದ ಗಾಡಿಯಾದರೆ ಪಲ್ಟಿ. ಕಡವೆಯಂಥ ದೊಡ್ಡ ಪ್ರಾಣಿ ಮೂಸ್ ರಸ್ತೆಗೆ ಬರುವ ಸ್ವೀಡನ್ನಿನಲ್ಲಿ ಹೀಗೆ ಸರಕ್ಕನೆ ಕಟ್ ಹೊಡೆಯುವುದಕ್ಕೆಂದೇ ಕಾರುಗಳಿಗೆ ಪರೀಕ್ಷೆಯಿದೆ. 1997ರಲ್ಲಿ ಅಲ್ಲಿನ ಪತ್ರಿಕೆಯೊಂದು ಮರ್ಸಿಡಿಸ್‌ನ ಹೊಸ ಎ-ಕ್ಲಾಸ್ ಕಾರನ್ನು ಹೀಗೆ ಓಡಿಸಿದಾಗ ಅದು ಮಗುಚಿಬಿತ್ತು. ಅಲ್ಲಿ ಎದುರಿಗೆ ಪ್ರಾಣಿಯೂ ಇರಲಿಲ್ಲ, ಸ್ಟೇರಿಂಗ್ ಹಿಡಿದವರು ಪಳಗಿದವರು!

ನಮ್ಮ ಕಡೆ ಎಳೆಯುವುದಾದರೂ ಎಲ್ಲಿಗೆ? ಶ್ರೀರಂಗಪಟ್ಟಣದಿಂದ ಪಾಂಡವಪುರ ದಾಟಿ ನಾಗಮಂಗಲಕ್ಕೆ ಹೊರಟರೆ ಎದುರಿಗೆ ಕಬ್ಬಿನ ಟ್ರಾಕ್ಟರು, ಪಕ್ಕದ ರಸ್ತೆಗೆ ಇಳಿದರೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತರು. ಅದಕ್ಕೆ ಯಾವ ಪ್ರಾಣಿಯೂ ಕಾರಣವಲ್ಲ. ರಸ್ತೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೇಳಿದೆ. ಗುದ್ದಿದರೂ ವೇಗ ತಗ್ಗಿಸಿ ಗುದ್ದುವುದೇ ಮೇಲು.

ಒಂದೇ ಒಂದು ವಿನಾಯಿತಿ: ವೇಗ ಚೆನ್ನಾಗಿ ಇಳಿದಿದ್ದರೆ, ಪಕ್ಕ ಖಾಲಿಯಿದ್ದರೆ, ಪ್ರಾಣಿಯ ಬಾಲದ ಕಡೆಯಿಂದ ನಿಧಾನಕ್ಕೆ ದಾಟಿ. ದನ ಸಾಮಾನ್ಯವಾಗಿ ಮುಂದಕ್ಕೇ ಹೋಗುತ್ತದೆ. ಆದರೆ ಹಿಂದೆ ಕರು ಇದೆಯೇ, ಕೊರಳ ಹಗ್ಗದ ತುದಿಯಲ್ಲಿ ಯಜಮಾನ ನಿಂತಿದ್ದಾನೆಯೇ ನೋಡಿಕೊಳ್ಳಿ. ರಸ್ತೆಗೆ ಅಡ್ಡ ಬಿಗಿದ ಹಗ್ಗ ಬೈಕಿನವನ ಕತ್ತಿಗೇ ಬರುತ್ತದೆ.

ಬಾನೆಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೇನೆ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಬೆಕ್ಕು ಅಡ್ಡ ಹೋಯಿತೆಂದು ಹೈವೇ ಮಧ್ಯೆ ಗಕ್ಕನೆ ನಿಲ್ಲಿಸಿ ಹಿಂದಿನ ಲಾರಿಗೆ ಬೆನ್ನು ಕೊಡುವವರಿಗಂತೂ ಬೈಗುಳವೇ ಸರಿ. 

ಬೇಬಿ ಬೆಟ್ಟ, ಹೇಮಗಿರಿ ಜಾತ್ರೆಗೆ ದನ ಹೊಡೆದುಕೊಂಡು ಹೋಗುವ ಅಣ್ಣಂದಿರಲ್ಲಿ ಒಂದು ವಿನಂತಿ: ಕೊಂಬಿಗೆ ಬಣ್ಣ ಹಚ್ಚುವಾಗ ಜೊತೆಗೊಂದು ರೇಡಿಯಂ ಪಟ್ಟಿಯನ್ನೂ ಸುತ್ತಿ, ಎತ್ತಿನಗಾಡಿಯ ಹಿಂದೆಯೂ ಅಂಟಿಸಿ. ಡ್ರೈವರುಗಳೇ, ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ 60 ದಾಟಬೇಡಿ.