ಯಂತ್ರ ಕೊಳ್ಳುವ ಮುನ್ನ ಒಂದು ಪಾಠ: ಹೆಲ್ಸಿಂಕಿಯ ಕೃತಕ ಬುದ್ಧಿಮತ್ತೆ ತರಗತಿ

ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಇಂದು ಸಣ್ಣ ಕಾರ್ಖಾನೆಗಳಿಗೂ ಕೊಟೇಶನ್‌ಗಳು ಬರುತ್ತಿವೆ. ಅವುಗಳಲ್ಲಿನ ಶೇಕಡಾವಾರು ಅಂಕಿಗಳನ್ನು ಅಳೆದು ನೋಡುವ ಬಗೆಯನ್ನು ಮಾತ್ರ ಉದ್ಯಮಿಗಳಿಗೆ ಹೇಳಿಕೊಡುವವರು ವಿರಳ. ಈ ದೃಷ್ಟಿಯಿಂದ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಪ್ರವೇಶ ಹಂತದ ಪಠ್ಯಕ್ರಮವು ಗಮನಾರ್ಹವಾದುದು.

ರಿಯಾಕ್ಟರ್ ಎಂಬ ತಂತ್ರಜ್ಞಾನ ಕಂಪನಿಯ ಸಹಯೋಗದೊಂದಿಗೆ 2018ರಲ್ಲಿ ಆರಂಭವಾದ ‘ಎಲಿಮೆಂಟ್ಸ್ ಆಫ್ ಎಐ’ ಅಂತರ್ಜಾಲದ ಮೂಲಕ ನಡೆಯುವ ಉಚಿತ ಪಾಠ. ಸುಮಾರು 55 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಶೇ. 1ರಷ್ಟು ಮಂದಿಗೆ ಈ ವಿಷಯದ ತಿಳಿವಳಿಕೆ ನೀಡುವುದು ಮೊದಲ ಗುರಿಯಾಗಿತ್ತು. 2019ರ ಕೊನೆಯಲ್ಲಿ ಐರೋಪ್ಯ ಒಕ್ಕೂಟದ ಅಧ್ಯಕ್ಷ ಸ್ಥಾನವನ್ನು ಬಿಟ್ಟುಕೊಡುವಾಗ, ಇದನ್ನು ಒಕ್ಕೂಟದ ಎಲ್ಲ ಅಧಿಕೃತ ಭಾಷೆಗಳಿಗೂ ತರುವುದಾಗಿ ಫಿನ್ಲೆಂಡ್ ಘೋಷಿಸಿತು. ಸೇರಿದವರ ಸಂಖ್ಯೆ ಮುಂದೆ 10 ಲಕ್ಷವನ್ನು ದಾಟಿತು.

ಪ್ರೋಗ್ರಾಮಿಂಗ್ ತಿಳಿದಿರಬೇಕೆಂಬ ನಿಬಂಧನೆ ಇಲ್ಲ. ಲೆಕ್ಕಪುಸ್ತಕ ಬರೆಯಬಲ್ಲವರಿಗೆ ಇಲ್ಲಿನ ಗಣಿತ ಕಷ್ಟವಾಗದು. ಆರು ಅಧ್ಯಾಯಗಳ ಪೈಕಿ ಉದ್ಯಮಿಗೆ ನೇರವಾಗಿ ಒದಗುವುದು ಮೂರನೆಯದರಲ್ಲಿ ಬರುವ ಬೇಯ್ಸ್ ನಿಯಮ. ಸ್ತನ ಕ್ಯಾನ್ಸರ್ ತಪಾಸಣೆಯ ಉದಾಹರಣೆಯನ್ನು ಊಹೆಯ ಅಂಕಿಗಳೊಂದಿಗೆ ಅಲ್ಲಿ ವಿವರಿಸಲಾಗಿದೆ. ಅದೇ ಲೆಕ್ಕವನ್ನು ಬಿಡಿಭಾಗಗಳ ತಯಾರಿಕೆಗೆ ಅನ್ವಯಿಸಬಹುದು.

ದೋಷ ಪತ್ತೆ ಮಾಡುವ ಒಂದು ಕ್ಯಾಮೆರಾ ಯಂತ್ರವು 100 ದೋಷಯುಕ್ತ ಬಿಡಿಭಾಗಗಳಲ್ಲಿ 80ನ್ನು ಹಿಡಿಯುತ್ತದೆ, 100 ಒಳ್ಳೆಯವುಗಳಲ್ಲಿ 10ನ್ನು ತಪ್ಪಾಗಿ ತಿರಸ್ಕರಿಸುತ್ತದೆ ಎಂದಿಟ್ಟುಕೊಳ್ಳೋಣ. ತಯಾರಾದ 1,000ದಲ್ಲಿ 50 ದೋಷಯುಕ್ತವಾಗಿದ್ದರೆ ಯಂತ್ರ ಹಿಡಿಯುವುದು 40. ಉಳಿದ 950ರಲ್ಲಿ 95 ಒಳ್ಳೆಯವೂ ತಿರಸ್ಕೃತವಾಗುತ್ತವೆ. ಅಂದರೆ ಬದಿಗೆ ಬಿದ್ದ 135ರಲ್ಲಿ ನಿಜಕ್ಕೂ ಕೆಟ್ಟವು ಶೇ. 30ಕ್ಕೂ ಕಡಿಮೆ! ಕಾರ್ಖಾನೆಯ ಕೆಲಸ ಇನ್ನೂ ಚೊಕ್ಕಟವಾಗಿದ್ದು ದೋಷದ ಪ್ರಮಾಣ ಶೇ. 1ಕ್ಕೆ ಇಳಿದಿದ್ದರೆ, ತಿರಸ್ಕೃತವಾದ 107ರಲ್ಲಿ ಕೆಟ್ಟವು ಕೇವಲ 8. ಯಂತ್ರ ಅದೇ, ಮಾರಾಟಗಾರ ಹೇಳಿದ ಅಂಕಿಯೂ ಅದೇ. ಆದುದರಿಂದ ‘ನಿಖರತೆ ಎಷ್ಟು’ ಎಂದಷ್ಟೇ ಕೇಳುವುದು ಸಾಲದು. ಒಳ್ಳೆಯ ಮಾಲನ್ನು ಎಷ್ಟು ಬಾರಿ ತಿರಸ್ಕರಿಸುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು, ತಮ್ಮಲ್ಲಿನ ದೋಷದ ಪ್ರಮಾಣವನ್ನು ಮೊದಲೇ ದಾಖಲಿಸಿಟ್ಟುಕೊಂಡಿರಬೇಕು.

ಹಾಗೆಂದು ಯಂತ್ರ ನಿಷ್ಪ್ರಯೋಜಕವಲ್ಲ. ಮೊದಲ ಲೆಕ್ಕದಂತೆ 1,000ಕ್ಕೆ ಬದಲು 135ನ್ನು ಮಾತ್ರ ಕೈಯಿಂದ ಮರುಪರೀಕ್ಷಿಸಿದರೆ ಆಯಿತು. ಆ ಕೂಲಿಯನ್ನೂ, ಕಣ್ತಪ್ಪಿ ಗಿರಾಕಿಯ ಕೈಸೇರುವ 10 ಕೆಟ್ಟ ಬಿಡಿಭಾಗಗಳ ವಾಪಸಾತಿಯ ವೆಚ್ಚವನ್ನೂ ಕೊಟೇಶನ್ನಿನ ಬೆಲೆಗೆ ಕೂಡಿಸಿಕೊಳ್ಳಬೇಕಾಗುತ್ತದೆ.