ಉಪ್ಪು ತಿಂದ ಕಾರಿಗೆ ಯಾವ ಶಾಕ್ಸ್?

ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಒಂದು ಉಪ್ಪಿನ ಗಣಿಯಿದೆ. 1910ರ ಹೊತ್ತಿಗೆ ಬಾವಿ ಕೊರೆದು ಮುಗಿಸಿದ ಈ ಗಣಿಯಿಂದ ಈಗ ಮೇಲೆ ಬರುವುದು ಅಡುಗೆಯ ಉಪ್ಪಲ್ಲ, ರಸ್ತೆಗೆ ಚೆಲ್ಲುವ ಕಲ್ಲುಪ್ಪು. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹಿಮ ಬೀಳುವ ಸೂಚನೆ ಸಿಕ್ಕರೆ ಸಾಕು, ಲಾರಿಗಳು ಉಪ್ಪು ಸುರಿಯುತ್ತ ಹೊರಡುತ್ತವೆ. ಹಿಮ ಕರಗಿ ಉಪ್ಪುನೀರಾಗುತ್ತದೆ, ಆ ನೀರು ಚಕ್ರಕ್ಕೆ ಸಿಕ್ಕಿ ಕಾರಿನ ಹೊಟ್ಟೆಗೆ ಸಿಡಿಯುತ್ತದೆ. ಸಸ್ಪೆನ್ಷನ್ ಇರುವುದೂ ಅಲ್ಲೇ.

ನಾನು ಹಾಸನದ ಕಡೆಯವನು. ಡೆಟ್ರಾಯಿಟ್ ಪಕ್ಕದ ನೊವೈಯಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ದುಡಿಯುತ್ತ ತಲೆ ಬೆಳ್ಳಗಾಗಿಸಿಕೊಂಡವನು. ಇಲ್ಲಿನ ಕನ್ನಡಿಗರಲ್ಲಿ ಅರ್ಧ ಜನಕ್ಕೆ ಕಾರೇ ಕಸುಬು. ಪಂಪ ಕನ್ನಡ ಕೂಟದ ಯುಗಾದಿ ಊಟಕ್ಕೆ ಕೂತರೆ ಒಬ್ಬಟ್ಟು ಬಡಿಸುವಷ್ಟರಲ್ಲಿ ಮಾತು ಗೇರ್‌ಬಾಕ್ಸಿಗೆ ಬಂದಿರುತ್ತದೆ. ಹಾಗಾಗಿ ಓದಲು ಬಂದಿರುವ ಅಣ್ಣನ ಮಗ ಚೇತನ್ ಒಂದು ಹಳೆಯ ಕಾರು ಕೊಂಡು, ‘ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡಿಸ್ಬೇಕು ಚಿಕ್ಕಪ್ಪ’ ಅಂತ ಬಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಕಾರು 2017ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಅವನ ಆಸೆ ಒಂದೇ: ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ಇನ್ನೂ ಒಂದು ಇಂಚು ಕೆಳಗಿಳಿಸುವುದು.

‘ಇದನ್ನ ಫ್ಯಾಕ್ಟರಿಯಲ್ಲೇ ಮಾಮೂಲಿ ಗಾಲ್ಫ್‌ಗಿಂತ ಹದಿನೈದು ಮಿಲಿಮೀಟರ್ ಇಳಿಸಿದಾರೆ ಕಣೋ’ ಅಂದೆ.

‘ಅದು ಕಾಣೋದೇ ಇಲ್ವಲ್ಲ!’

ಅವನ ದೂರು ಸುಳ್ಳಲ್ಲ. ಆದರೆ ಕಾಣುವುದು ಬೇರೆ, ಚಳಿಗಾಲ ಕಳೆಯುವುದು ಬೇರೆ.

ಮೊದಲು ಕೆಲಸ ಹಂಚಿಕೆ ಹೇಗಿದೆ ನೋಡೋಣ. ಕಾರಿನ ಭಾರ ಹೊರುವುದು ಸ್ಪ್ರಿಂಗು. ಗುಂಡಿಗೆ ಬಿದ್ದಾಗ ಅದು ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಬಿಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತಲೇ ಇರುತ್ತದೆ. ಆ ತೂಗಾಟ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಪಿಸ್ಟನ್ನು ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ತಳ್ಳಬೇಕಾಗುತ್ತದೆ, ಕುಣಿತದ ಶಕ್ತಿ ಅಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಕಾರು ಆರಾಮಾಗಿ ಹೋಗಲಿ ಅನ್ನುವುದಷ್ಟೇ ಇದರ ಉದ್ದೇಶ ಅಂದುಕೊಂಡವರು ಬಹಳ. ಚಕ್ರ ನೆಲ ಬಿಡದಂತೆ ನೋಡಿಕೊಳ್ಳುವುದು ಇದರ ದೊಡ್ಡ ಕೆಲಸ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಮುಂದಿನ ಚಕ್ರಗಳಲ್ಲಿ ಸ್ಪ್ರಿಂಗು, ಶಾಕು ಎರಡನ್ನೂ ಒಂದೇ ಕಂಬವಾಗಿ ನಿಲ್ಲಿಸುವ ಮ್ಯಾಕ್‌ಫರ್ಸನ್ ಸ್ಟ್ರಟ್ ನಮ್ಮ ಮಾರುತಿ 800ರಲ್ಲೂ ಇತ್ತು. ಅದರ ಹುಟ್ಟು ಈ ಊರಿನದೇ. ಅರ್ಲ್ ಮ್ಯಾಕ್‌ಫರ್ಸನ್ ಜನರಲ್ ಮೋಟಾರ್ಸ್‌ನಲ್ಲಿದ್ದಾಗ ಒಂದು ಅಗ್ಗದ ಪುಟ್ಟ ಕಾರಿಗಾಗಿ ಇಂಥ ಜೋಡಣೆಯ ಕೆಲಸ ಶುರುಮಾಡಿದರು. ಆ ಕಾರಿನ ಯೋಜನೆಯನ್ನು 1947ರಲ್ಲಿ ಕಂಪನಿ ಕೈಬಿಟ್ಟಿತು. ಅವರು ಫೋರ್ಡ್‌ಗೆ ಹೋದರು, 1950ರಲ್ಲಿ ಫೋರ್ಡ್‌ನ ಇಂಗ್ಲೆಂಡ್ ಶಾಖೆಯ ಕಾನ್ಸಲ್ ಕಾರು ಈ ಸ್ಟ್ರಟ್ ಹೊತ್ತು ಬಂತು. ಒಬ್ಬರು ಬೇಡವೆಂದದ್ದನ್ನು ಜಗತ್ತಿನ ಸಣ್ಣ ಕಾರುಗಳೆಲ್ಲ ಎತ್ತಿಕೊಂಡವು.

ಈಗ ಚಳಿಗಾಲದ ಲೆಕ್ಕ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತದ ಗುಣಾಂಕ ಸುಮಾರು 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರ ಆಸುಪಾಸು, ಬರೀ ಮಂಜುಗಡ್ಡೆಯ ಮೇಲೆ 0.1ಕ್ಕೂ ಇಳಿಯಬಹುದು. ತಿರುವಿನಲ್ಲಿ ಕಾರು ವಾಲುವುದು ಟೈರು ನೆಲವನ್ನು ಹಿಡಿದಷ್ಟೇ. ಹಿಡಿತ ಕಾಲುಭಾಗವಾದರೆ ವಾಲುವಿಕೆಯೂ ಕಾಲುಭಾಗ, ಅದಕ್ಕಿಂತ ಹೆಚ್ಚು ವಾಲುವ ಮೊದಲೇ ಟೈರು ಜಾರಿರುತ್ತದೆ. ಅಂದರೆ ಗಟ್ಟಿ ಸ್ಪ್ರಿಂಗು, ದಪ್ಪ ಆಂಟಿ-ರೋಲ್ ಬಾರ್ ಕೊಂಡು ‘ವಾಲದಂತೆ’ ಮಾಡಿಸಿದ ಖರ್ಚು ಹಿಮದ ದಿನಗಳಲ್ಲಿ ಪೂರ್ತಿ ದಂಡ. ದಂಡವಷ್ಟೇ ಆದರೆ ಪರವಾಗಿಲ್ಲ. ಹೆಪ್ಪುಗಟ್ಟಿ ಉಬ್ಬುತಗ್ಗಾದ ರಸ್ತೆಯಲ್ಲಿ ಗಟ್ಟಿ ಸ್ಪ್ರಿಂಗಿನ ಕಾರು ಪುಟಿಯುತ್ತದೆ, ಇದ್ದ ಚೂರು ಹಿಡಿತವೂ ಬಿಟ್ಟುಬಿಟ್ಟು ಸಿಗುತ್ತದೆ.

ಹಿಂದಿನ ದಪ್ಪ ಬಾರ್ ಬಗ್ಗೆ ನನ್ನ ತಕರಾರು ಇನ್ನೂ ಜೋರು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ತಯಾರಕರು ಬೇಕೆಂದೇ ಮುಂಭಾಗ ಮೊದಲು ಜಾರುವಂತೆ ಹದ ಮಾಡಿರುತ್ತಾರೆ. ಹೆದರಿದ ಮನುಷ್ಯ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರು ತಾನಾಗಿ ದಾರಿಗೆ ಬರುತ್ತದೆ. ಹಿಂದೆ ದಪ್ಪ ಬಾರ್ ಹಾಕಿದರೆ ಬೇಸಿಗೆಯ ತಿರುವಿನಲ್ಲಿ ಚುರುಕು, ನಿಜ. ಹಿಮದಲ್ಲಿ ಅದೇ ಹೆದರಿದ ಕಾಲು ಕಾರಿನ ಬೆನ್ನನ್ನು ಮುಂದಕ್ಕೆ ತಿರುಗಿಸಬಹುದು. ಮೈಸೂರಿನ ರಿಂಗ್ ರೋಡಿನಲ್ಲಿ ಕಾರು ಕಲಿತ ಹುಡುಗನಿಗೆ ಇದು ಬೇಡ.

ಇನ್ನು ಗುಂಡಿಗಳು. ಬೆಂಗಳೂರಿನವರು ನಗಬಾರದು, ನಮ್ಮಲ್ಲೂ ಧಾರಾಳವಾಗಿವೆ. ಡಾಂಬರಿನ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗಿ ರಸ್ತೆಯನ್ನು ಮೇಲೆತ್ತುತ್ತದೆ. ಕರಗಿದ ಮೇಲೆ ಅಡಿಯಲ್ಲಿ ಟೊಳ್ಳು ಉಳಿಯುತ್ತದೆ, ಮೇಲೆ ಲಾರಿ ಹೋದಾಗ ಕುಸಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆಟ ನಡೆಯುವುದರಿಂದ ಗುಂಡಿಗಳ ಸುಗ್ಗಿಯೂ ಆಗಲೇ. ಲಾರಿಗಳೂ ಅಂಥಿಂಥವಲ್ಲ. ಹನ್ನೊಂದು ಆಕ್ಸಲ್ ಇದ್ದರೆ 1,64,000 ಪೌಂಡ್, ಅಂದರೆ ಸುಮಾರು 74 ಟನ್‌ವರೆಗೆ ಮಿಷಿಗನ್‌ನಲ್ಲಿ ಒಯ್ಯಬಹುದು. ಕಾರು ಒಂದು ಇಂಚು ಇಳಿದರೆ ಚಕ್ರ ಮೇಲೇಳಲು ಇರುವ ಜಾಗದಲ್ಲಿ ಆ ಇಂಚು ಖೋತಾ. ಇಂಥ ಗುಂಡಿಗೆ ಬಿದ್ದಾಗ ಸಸ್ಪೆನ್ಷನ್ ತುದಿಮುಟ್ಟಿ ‘ಧಡ್’ ಎನ್ನುತ್ತದೆ, ಪೆಟ್ಟು ರಿಮ್ಮಿಗೂ ಸ್ಟ್ರಟ್ಟಿನ ತಲೆಗೂ ಹೋಗುತ್ತದೆ. ಅದರ ಮೇಲೆ, ಹಿಮ ಗುಡಿಸುವ ಗಾಡಿ ಬಂದುಹೋದ ಮೇಲೆ ಮನೆ ಮುಂದೆ ಬಿಟ್ಟುಹೋಗುವ ಗಟ್ಟಿ ದಿಬ್ಬವನ್ನು ಬೆಳಿಗ್ಗೆ ದಾಟಬೇಕು. ಗಿಡ್ಡ ಕಾರಿನ ಬಂಪರು ಅದನ್ನು ತಾನೇ ಗುಡಿಸಿಕೊಂಡು ಹೋಗುತ್ತದೆ.

ಹಾಗಾದರೆ ಏನು ಮಾಡಿಸಬೇಕು?

ನಾನು ಚೇತನನ ದುಡ್ಡನ್ನು ಮೊದಲು ಖರ್ಚು ಮಾಡಿಸಿದ್ದು ಸಸ್ಪೆನ್ಷನ್ ಮೇಲಲ್ಲ, ಟೈರಿನ ಮೇಲೆ. ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡಸಾಗುತ್ತ ಹೋಗುತ್ತದೆ, ಚಳಿಗಾಲದ ಟೈರು ಮೆತ್ತಗೇ ಇರುತ್ತದೆ. ಪಕ್ಕದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಕಾನೂನಿನಂತೆ ಕಡ್ಡಾಯ. ಮಿಷಿಗನ್‌ನಲ್ಲಿ ಹಾಗೇನಿಲ್ಲ, ಅವರವರ ಇಷ್ಟ. ಕಾರಿನ ಜೊತೆ ಬಂದದ್ದು 225/40 ಆರ್18. ಚಳಿಗಾಲಕ್ಕೆ ಬೇರೆಯೇ ರಿಮ್ ತಂದು 225/45 ಆರ್17 ಹಾಕಿಸಿದೆ. ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ. ಆದರೆ ಟೈರಿನ ಪಕ್ಕೆ 90 ಮಿಲಿಮೀಟರ್‌ನಿಂದ 101ಕ್ಕೆ ಏರಿತು. ಗುಂಡಿಗೂ ರಿಮ್ಮಿಗೂ ನಡುವೆ ಇರುವುದು ಇಷ್ಟೇ ಗಾಳಿ. ಆ ಹನ್ನೊಂದು ಮಿಲಿಮೀಟರು ಕೂಡ ಸಸ್ಪೆನ್ಷನ್ನೇ ಅಂತ ನನ್ನ ವಾದ, ಅದೂ ಅತಿ ಅಗ್ಗದ್ದು.

ಎರಡನೆಯದು ಸವೆದದ್ದನ್ನು ಹೊಸದು ಮಾಡುವುದು. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ಟಿನ ಮೇಲಿನ ಮೌಂಟ್ ಇವು ಸಡಿಲಾಗಿದ್ದರೆ ಚಿನ್ನದ ಶಾಕ್ ಹಾಕಿದರೂ ಕಾರು ಲೊಡಲೊಡ ಅನ್ನುವುದು ತಪ್ಪುವುದಿಲ್ಲ. ಇಲ್ಲಿ ಹುಡುಗರು ಕಪ್ಪು ರಬ್ಬರ್ ಬುಷ್ ತೆಗೆದು ಬಣ್ಣಬಣ್ಣದ ಪಾಲಿಯುರಿಥೇನ್ ಹಾಕಿಸುತ್ತಾರೆ. ಗಟ್ಟಿ ಹೌದು. ಆದರೆ ರಸ್ತೆಯ ಸದ್ದೆಲ್ಲ ಒಳಗೆ ಬರುತ್ತದೆ. ಆಗಾಗ ಗ್ರೀಸ್ ಹಚ್ಚದಿದ್ದರೆ, ಅದರಲ್ಲೂ ಉಪ್ಪುನೀರು ಹೊಕ್ಕರೆ, ಕೀರಲು ದನಿ ತೆಗೆಯುತ್ತದೆ. ದಿನವೂ ಓಡಿಸುವ ಕಾರಿಗೆ ರಬ್ಬರೇ ಸರಿ. ರಬ್ಬರ್ ಬುಷ್ ಹಾಕುವಾಗ ಒಂದು ಎಚ್ಚರ: ಕಾರು ಜ್ಯಾಕಿನ ಮೇಲೆ ನೇತಾಡುತ್ತಿರುವಾಗ ಬೋಲ್ಟು ಬಿಗಿದರೆ, ಇಳಿಸಿದ ಕ್ಷಣದಿಂದ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಂದ ಮೇಲೆಯೇ ಕೊನೆಯ ಬಿಗಿತ.

ಆಮೇಲೆ ಶಾಕ್ಸ್. ಸ್ಪ್ರಿಂಗು ಕಂಪನಿಯದೇ ಇರಲಿ, ಶಾಕ್ ಮಾತ್ರ ಉತ್ತಮದ್ದು ಬರಲಿ. ನನ್ನ ಮಾತಿನ ತಿರುಳು ಇಷ್ಟೇ. ಡೆಟ್ರಾಯಿಟ್‌ನ ದಕ್ಷಿಣಕ್ಕಿರುವ ಮನ್‌ರೋ ಪಟ್ಟಣದ ಹೆಸರು ಹೊತ್ತ ಕಂಪನಿಯದೂ ಸೇರಿ ಹಳೆಯದಕ್ಕೆ ಬದಲಿ ಅಂತ ಸಿಗುವ ಮಾಮೂಲಿ ಶಾಕ್‌ಗಳು ಜೇಬಿಗೆ ಹಗುರ, ತಂದೆಯವರ ಕಾಲದ ಸೆಡಾನಿಗೆ ಧಾರಾಳ ಸಾಕು. ಒಂದು ಮೆಟ್ಟಿಲು ಮೇಲೆ ಹೋದರೆ ಜರ್ಮನಿಯ ಬಿಲ್‌ಸ್ಟೀನ್ ಬಿ6. ಒಂದೇ ಕೊಳವೆ, ಒಳಗೆ ಹೆಚ್ಚಿನ ಒತ್ತಡದ ನೈಟ್ರೋಜನ್, ಬಿಗಿಯಾದ ಹಿಡಿತ. ಅದೇ ಕಂಪನಿಯ ಬಿ8 ಇಳಿಸಿದ ಕಾರಿಗೆಂದು ಮಾಡಿದ ಗಿಡ್ಡ ಶಾಕು, ಎತ್ತರ ಬದಲಿಸದವರು ಬಿ6 ಅಂತ ಕೇಳಿ ಕೊಳ್ಳಬೇಕು. ನೆದರ್ಲೆಂಡ್ಸ್‌ನ ಕೋನಿ ಕಂಪನಿಯ ಸ್ಪೆಷಲ್ ಆಕ್ಟಿವ್ ಇನ್ನೊಂದು. ಚಕ್ರ ಪಟಪಟ ಅಲುಗುವ ಒರಟು ರಸ್ತೆಯಲ್ಲಿ ಎಣ್ಣೆಗೆ ಇನ್ನೊಂದು ದಾರಿ ತೆರೆದು ಮೆತ್ತಗಾಗುತ್ತದೆ, ಕಾರು ನಿಧಾನವಾಗಿ ವಾಲುವ ತಿರುವಿನಲ್ಲಿ ಬಿಗಿಯಾಗುತ್ತದೆ. ಇದಕ್ಕೆ ವೈರೂ ಬೇಡ, ಕಂಪ್ಯೂಟರೂ ಬೇಡ. ಮಾರ್ಚ್‌ನ ರಸ್ತೆ ನೆನೆದು ನಾನು ಆರಿಸಿದ್ದು ಇದನ್ನೇ. ನಿಮ್ಮ ಕಾರಿನ ಶಾಕಿಗೆ ಕಂಪನಿಯೇ ವೈರು ಕೊಟ್ಟಿದ್ದರೆ ಮಾತ್ರ ಈ ಸಲಹೆ ನಡೆಯದು, ಮಾಮೂಲಿ ಶಾಕ್ ಹಾಕಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ.

ಯಾವ ಶಾಕೇ ಇರಲಿ, ಮೈನಸ್ ಹದಿನೈದರ ಬೆಳಿಗ್ಗೆ ಒಳಗಿನ ಎಣ್ಣೆ ಮಂದವಾಗಿರುತ್ತದೆ. ಮೊದಲ ಕೆಲವು ಕಿಲೋಮೀಟರು ಕಾರು ಮರದ ಗಾಡಿಯೇ. ಹೊಸ ಶಾಕ್ ಕೆಟ್ಟಿದೆ ಅಂತ ಮೆಕ್ಯಾನಿಕ್ ಹತ್ತಿರ ಓಡಬೇಕಿಲ್ಲ.

ಕೆಲಸ ಮಾಡಿದ್ದು ಮೇ ತಿಂಗಳಲ್ಲಿ, ಗುಂಡಿಗಳ ಕಾಲ ಮುಗಿದ ಮೇಲೆ, ನಮ್ಮ ಮನೆಯ ಗ್ಯಾರೇಜಿನಲ್ಲೇ. ಈ ಗಾಲ್ಫ್‌ನಲ್ಲಿ ಮುಂದಿನ ಸ್ಟ್ರಟ್ಟಿನ ತಲೆಯ ಬೋಲ್ಟು ಸಿಗಬೇಕಾದರೆ ಮೊದಲು ವೈಪರ್ ಕಡ್ಡಿ, ಗಾಜಿನ ಬುಡದ ಪ್ಲಾಸ್ಟಿಕ್ ತಟ್ಟೆ ಬಿಚ್ಚಬೇಕು. ಉಪ್ಪು ತಿಂದ ವೈಪರ್ ತನ್ನ ಗೂಟವನ್ನು ಕಚ್ಚಿಕೊಂಡಿತ್ತು, ಪುಲ್ಲರ್ ಹಾಕಿ ತಿರುವಿದ ಮೇಲೆ ‘ಟಕ್’ ಅಂತ ಬಿಟ್ಟುಕೊಟ್ಟಿತು. ಕೆಳಗಿನ ಕತೆ ಬೇರೆ. ಚಕ್ರ ಹೊತ್ತ ಕಬ್ಬಿಣದ ತೋಳಿನ ಬಾಯಿಯಲ್ಲಿ ಸ್ಟ್ರಟ್ಟಿನ ಬುಡ ಕೂತಿರುತ್ತದೆ, ಒಂದು ಅಡ್ಡ ಬೋಲ್ಟು ಆ ಬಾಯನ್ನು ಮುಚ್ಚಿ ಹಿಡಿದಿರುತ್ತದೆ. ಬೋಲ್ಟು ತೆಗೆದು, ಸೀಳಿನೊಳಗೆ ಮೊಟ್ಟೆಯಾಕಾರದ ಒಂದು ಬಿಟ್ ತೂರಿಸಿ ತಿರುಗಿಸಿದರೆ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಪುಸ್ತಕದ ಪ್ರಕಾರ ಆಗ ಸ್ಟ್ರಟ್ಟು ಜಾರಿ ಬರಬೇಕು. ನಮ್ಮದು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಕುಡಿದಿದ್ದರೂ ಅಲುಗಲಿಲ್ಲ. ಚೇತನ್ ತೋಳನ್ನು ಕೆಳಕ್ಕೆ ಒತ್ತಿ ಹಿಡಿದ, ನಾನು ಅಕ್ಕಪಕ್ಕ ಸುತ್ತಿಗೆಯಿಂದ ತಟ್ಟುತ್ತ ಹೋದೆ. ಕಂದು ಪುಡಿ ಉದುರಿತು, ಆಮೇಲೆ ಒಂದೊಂದೇ ನೂಲು ಇಳಿಯಿತು.

‘ಬೋಲ್ಟ್ ಚೆನ್ನಾಗೇ ಇದೆ, ಇದನ್ನೇ ಹಾಕೋಣ್ವಾ?’ ಅಂದ.

ಬೇಡವೆಂದೆ. ಇಷ್ಟು ಬಿಗಿತ, ಆಮೇಲೆ ಇಂತಿಷ್ಟು ಡಿಗ್ರಿ ತಿರುವು ಅಂತ ಹೇಳಿ ಬಿಗಿಸುವ ಬೋಲ್ಟುಗಳು ಬಿಗಿಯುವಾಗಲೇ ಹಿಗ್ಗಿರುತ್ತವೆ, ಮತ್ತೆ ಬಳಸುವಂತಿಲ್ಲ. ಹೊಸದನ್ನು ಶಾಕ್ ಜೊತೆಗೇ ತರಿಸಿಟ್ಟುಕೊಂಡಿರಬೇಕು. ಶಾಕಿನ ಕಡ್ಡಿಗೆ ಹಾಕುವ ರಬ್ಬರ್ ಕುಪ್ಪಸವನ್ನೂ ಹೊಸದೇ ಹಾಕಿ. ಅದು ಹರಿದರೆ ಉಪ್ಪು ಕಡ್ಡಿಯನ್ನು ಕೊರೆಯುತ್ತದೆ, ಕೊರೆದ ಕಡ್ಡಿ ಸೀಲನ್ನು ಕುಯ್ಯುತ್ತದೆ, ಎಣ್ಣೆ ಸೋರುತ್ತದೆ. ಹಳೆಯ ಸ್ಪ್ರಿಂಗನ್ನು ಉಳಿಸಿಕೊಳ್ಳುವವರು ಅದರ ಕಟ್ಟಕಡೆಯ ಸುತ್ತನ್ನು ಬೆರಳಲ್ಲಿ ಸವರಿ ನೋಡಬೇಕು. ಬಣ್ಣ ಎದ್ದ ಜಾಗದಲ್ಲಿ ಉಪ್ಪು ಕೂತು ಸ್ಪ್ರಿಂಗು ಮುರಿಯುವುದು ಹೆಚ್ಚಾಗಿ ಅಲ್ಲೇ. ಚೇತನನದರಲ್ಲಿ ಒಂದು ಕಡೆ ಗುಳಿ ಬಿದ್ದಿತ್ತು, ಮುಂದಿನ ಎರಡನ್ನೂ ಬದಲಿಸಿದೆವು, ಕಂಪನಿಯ ಎತ್ತರದ್ದೇ. ಆ ಗಳಿಗೆಯಲ್ಲೂ ಅವನು ಗಿಡ್ಡ ಸ್ಪ್ರಿಂಗಿನ ಚಿತ್ರ ತೋರಿಸಿದ.

ಇಳಿಸಲೇಬೇಕು ಅನ್ನುವವರೂ ಇದ್ದಾರೆ, ಅವರ ಕಾರು, ಅವರ ದುಡ್ಡು. ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್ ಕೊಳ್ಳುವುದಾದರೆ ಜರ್ಮನಿಯ ಕೆಡಬ್ಲ್ಯು ಕಂಪನಿಯದರಂತೆ ಸ್ಟೇನ್‌ಲೆಸ್ ಸ್ಟೀಲ್ ಮೈಯಿರುವುದನ್ನು ಕೊಳ್ಳಲಿ. ಅಗ್ಗದವುಗಳ ತಿರುಪಿನ ಮರೆಯಲ್ಲಿ ಉಪ್ಪು ಕೂತರೆ ಒಂದೆರಡು ಚಳಿಗಾಲದಲ್ಲಿ ಎತ್ತರದ ಬಳೆ ಮರೆಗೇ ಬೆಸುಗೆಯಾಗುತ್ತದೆ. ಎತ್ತರ ಬದಲಿಸಲೆಂದೇ ಕೊಟ್ಟ ದುಡ್ಡು ಅಲ್ಲಿಗೆ ಮುಗಿಯಿತು. ಅಕ್ಟೋಬರಿನಲ್ಲಿ ಮರೆಗಳನ್ನು ಬ್ರಷ್‌ನಿಂದ ಉಜ್ಜಿ, ಕಾರನ್ನು ಮೇಲೆತ್ತಿಟ್ಟು, ಜಿಡ್ಡು ಬಳಿಯುವ ವ್ಯವಧಾನ ಇದ್ದವರಿಗಷ್ಟೇ ಅದು.

ಸ್ಟ್ರಟ್ ಬದಲಾದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲವಾದರೆ ಹೊಸ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಅದನ್ನು ಮಾತ್ರ ಹೊರಗೆ ಮಾಡಿಸಿದೆವು. ಇನ್ನು ಪ್ರತಿ ಅಕ್ಟೋಬರ್ ಕಾರಿನ ತಳಕ್ಕೆ ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯ ಜಿಡ್ಡಿನ ಎಣ್ಣೆ ಸಿಂಪಡಿಸುತ್ತೇವೆ. ಉಪ್ಪುನೀರು ಅದರ ಮೇಲೆ ನಿಲ್ಲುವುದಿಲ್ಲ, ಬೋಲ್ಟು ಮುಂದಿನ ಸಲವೂ ಬಿಚ್ಚಲು ಬರುತ್ತದೆ. ಇಂಜಿನ್ ಬಿಸಿಯಾದಾಗಲೆಲ್ಲ ಕುರಿಮಂದೆಯ ವಾಸನೆ ಹೊಡೆಯುವುದರಿಂದ, ಸಿಂಪಡಿಸಿದ ವಾರವೆಲ್ಲ ಆ ಕಾರನ್ನು ಗ್ಯಾರೇಜಿನೊಳಗೆ ತರಕೂಡದು ಅಂತ ಚೇತನನ ಚಿಕ್ಕಮ್ಮನ ಕಟ್ಟಪ್ಪಣೆಯಾಗಿದೆ.